ಕೋರ್ಟಿನ ಬಾಗಲದಾಗ ನಿಂತಿದ್ದ ಮಾರುತಿ

ಹಂಗ ಅನ್ನಬ್ಯಾಡೋ ಸಾಗರಾ, ಎಷ್ಟ ಸಲ ಹೇಳೇನಿ ನಿನಗ! ದೋಸ್ತರು ಗಾಡಿ ತಗೊಂಡ ಬಂದು ಕರದ್ರ ಇಲ್ಲೆ ಕಟ್ಟಿ ಮ್ಯಾಲ ಕುಂತು 'ನೀವು ಮುಂದ ನಡೀರಿ, ನಾ ಹಿಂದ ಬರ್ತೇನಿ' ಅಂತ ಬಾಯಿಗೆ ಬಂದಂಗ ಒದರ್ತಿ. ಹೋಗೂದಿದ್ರ ಹೋಗು, ಇಲ್ಲಂದ್ರ ಒಲ್ಲೆ ಅನ್ನು. ನಗತೀಯೇನು? ನಗು ನಗು. ನಿಮ್ಮಜ್ಜನೂ ಹಿಂಗ ನಕ್ಕೋಂತ ಅಂದಿದ್ದ ಆ ಮಾತ, ಅದರ ಸಂಬಂಧ ಕೋರ್ಟ ಹತ್ತಿದ. ಹೂಂ, ನಿಮ್ಮಜ್ಜನ, ಇನ್ಯಾರು! ನೀ ಆಗ ತೊಟ್ಟಲದಾಗ ಇದ್ದಿ. ನಿಮ್ಮವ್ವ ಹೇಳಿಲ್ಲ ನಿನಗ, ಮರ್ಯಾದಿ ಹೋಗ್ತೈತಂತ. ಮರ್ಯಾದಿ ಏನ ಹೋಗೂದು, ಅರ್ಧಾ ಇಚಲಕರಂಜಿಗೆ ಗೊತ್ತಿತ್ತು.

ಕೋರ್ಟಿನ್ಯಾಗ ಏನಾತಂದ್ರ... ಅಲ್ಲ ತಡೀರಿ, ಮೊದ್ಲ ಶೆಡ್ಡಿನ ಸುದ್ದಿ ಹೇಳ್ಬೇಕು, ಇಲ್ಲಂದ್ರ ತಿಳಿಯಂಗಿಲ್ಲ. ಶೆಡ್ಡಿನ್ಯಾಗ ಮಗ್ಗ ಚಾಲೂ ಆದ್ವಂದ್ರ ಖಟಾಖಟ್ ಖಟಾಖಟ್, ಬಾಜೂಕ ಸಿಡ್ಲ ಬಿದ್ರೂ ಕೇಳಸೂದಿಲ್ಲ ನೋಡ್ರಿ. ಅದಕ ನಾವೆಲ್ಲಾ ಬಾಯಿ ನೋಡಿ ಮಾತಾಡೂದು. ದನಿ ಇಲ್ಲ, ಬರೇ ತುಟಿ. ನಾ ಮೂಲ್ಯಾಗ ಕುಂತು ಕಾಂಡಿಗೆ ನೂಲ ಸುತ್ತತಿದ್ನಿ, ನಿಮ್ಮಜ್ಜ ಆ ಕಡೆ ಮಗ್ಗ ಓಡಸ್ತಿದ್ದ, ಅವನ ಎದುರಿನ ಮಗ್ಗದ ಮ್ಯಾಲ ಮಾರುತಿ. ಆಜರಾ ಕಡಿಯಾಂವ, ಮರಾಠಿ ಮನಷ್ಯಾ, ಭಾಳ ಛಲೋ ಮನಷ್ಯಾ, ಊರಿಗೆ ಹೋದಾಗೊಮ್ಮೆ ನಮ್ಮ ಮನೀಗೆ ಅಕ್ಕಿ ತರ್ತಿದ್ದ, ಕುದೀಯಾಕ ಇಟ್ರ ಓಣಿ ತುಂಬಾ ವಾಸನಿ. ಮಾರುತಿ ಮರಾಠಿ ಒಳಗ ತುಟಿ ಆಡಸ್ತಿದ್ದ, ನಿಮ್ಮಜ್ಜ ಕನ್ನಡದಾಗ. ನನಗ ಇಬ್ಬರದೂ ತಿಳೀತಿತ್ತು. ನನ್ನ ಸುದ್ದಿ ತಗದ್ರಂದ್ರ ಕುಂತಲ್ಲಿಂದನ ಕಾಂಡಿ ಒಗೀತಿದ್ನಿ.

ಇಬ್ರೂ ಕುಡ್ಯಾವ್ರ ಮತ್ತ. ಪಗಾರ ಆತಂದ್ರ ಜೋಡೀಲೆ ಹೋಗವ್ರು. ಒಂದ ಮಳಿಗಾಲದಾಗ ಮಾರುತಿ ಊರಿಗೆ ಹೊಂಟಿದ್ದ. ಮಗ್ಗದ ಆಚಿಂದ ತುಟಿ ಆಡಸಿದ, 'ಬಸೂ, ಗಡಹಿಂಗ್ಲಜ ತನಕರ ಬಾರೋ, ಅಲ್ಲೆ ಕೂಡೂಣು.' ನಿಮ್ಮಜ್ಜ ನಕ್ಕೋಂತ ಅಂದ, 'ನೀ ಮುಂದ ನಡಿ, ನಾ ಹಿಂದ ಬರ್ತೇನಿ.' ಬರಾಂವಲ್ಲ ಅಂತ ನನಗ ಗೊತ್ತಿತ್ತು. ಇಲ್ಲೇ ಕುಡದು ಮನಿಗೆ ಬಂದು ಗೊರಕಿ ಹೊಡದ. ಆ ಮಾರುತಿ, ಪಾಪ, ಗಡಹಿಂಗ್ಲಜ ಸ್ಟ್ಯಾಂಡಿನ್ಯಾಗ ಹಾದಿ ನೋಡಿದ್ನಂತ. ಚಾದ ಅಂಗಡಿಯಾಂವ ಆಮ್ಯಾಲ ಹೇಳಿದ, 'ಇಚಲಕರಂಜಿ ಬಸ್ಸ ಬಂದಾಗೊಮ್ಮೆ ಎದ್ದ ನಿಂದರ್ತಿದ್ದ್ರಿ.' ಕಾದು ಕಾದು, ಕುಡದು, ಕಡೀಕ ತಾನೊಬ್ಬನ ತನ್ನ ಮೋಟಾರ ಸೈಕಲ್ ಹೊಡಕೊಂಡ ಹೋಗ್ಯಾನ. ಹಳ್ಳದ ಸೇತುವಿ ಮ್ಯಾಲ ನೀರಿತ್ತು. ನೀರ ಇಳದ ಮ್ಯಾಲ ಕೆಸರಿನ್ಯಾಗ ಅವನ ಹೆಣ ಸಿಕ್ತು.

ಅಂದಿನಿಂದ ನಿಮ್ಮಜ್ಜನ ಕುಡಿಯೂದು ಜೋರ ಆತು. ಮಾರುತಿ ಮಗ್ಗದ ಮ್ಯಾಲ ಮಾಲಕ ಬ್ಯಾರೇದಾಂವನ ಹಾಕಿದ, ಆದ್ರ ನಿಮ್ಮಜ್ಜ ಅವನ ಮಾರಿ ನೋಡೂದಿಲ್ಲ, ಅವನ ಹೆಗಲ ಹಿಂದ ನೋಡಿ ತುಟಿ ಆಡಸೂದು. ಒಂದ ಸೂಟಿ ದಿನಾ, ಸುಡು ಸುಡು ಮಧ್ಯಾನ, ಶೆಡ್ಡೆಲ್ಲಾ ಬಂದ್, ಓಣ್ಯಾಗ ಒಂದ ಸಪ್ಪಳಿಲ್ಲ. ಒಮ್ಮೆಲೆ ಖಟಾಖಟ್ ಅಂತು! ಓಡಿ ಹೋಗಿ ನೋಡಿದ್ರ, ಯವ್ವಾ, ಏನ ಹೇಳ್ಲಿ. ಕಲ್ಲ ತಗೊಂಡ ಕೀಲಿ ಮುರದು ಒಳಗ ಹೊಕ್ಕಾನ, ಮಾರುತಿ ಮಗ್ಗ ಅಷ್ಟ ಚಾಲೂ ಮಾಡ್ಯಾನ. ಮಗ್ಗದ ಮುಂದ ಯಾರೂ ಇಲ್ಲ. ಲಾಳಿ ತಾನ ಓಡಾಕತ್ತೈತಿ, ಎಳಿ ಹರದು ಜೋತಾಡಾಕತ್ತಾವ, ನಿಮ್ಮಜ್ಜ ಎದುರಿಗೆ ನಿಂತು ನಕ್ಕೋಂತ ತುಟಿ ಆಡಸಾಕತ್ತಾನ. ಮಾಲಕನ ಅಳಿಯಾ ಬಂದು ಕೈ ಹಿಡದು ಜಗ್ಗಿದ, ನಿಮ್ಮಜ್ಜ ದಬ್ಬಿದ, ಆಂವ ಬಿದ್ದು ತಲಿ ಒಡೀತು. ಪೋಲೀಸ್ರು ಬಂದ್ರು, ಕೇಸ್ ಆತು. ದಾರೂ ಕುಡದು ಕೀಲಿ ಮುರದಾನ, ನುಕಸಾನ ಮಾಡ್ಯಾನ, ಹೊಡದಾನ ಅಂತ.

ವಕೀಲ ಹೇಳಿದ್ದ, 'ನೋಡ್ರಿ ಕಾಕಾ, ನ್ಯಾಯಾಧೀಶರು ಕೇಳಿದ್ರ ಕಬೂಲ್ ಅನ್ರಿ, ಅಷ್ಟ. ದಂಡ ಹಾಕಿ ಬಿಡ್ತಾರ. ಬಡಬಡಿಸಬ್ಯಾಡ್ರಿ, ಅವತ್ತರ ಕುಡದ ಬರಬ್ಯಾಡ್ರಿ, ಬಂದ್ರ ಒಳಗ ಹಾಕ್ತಾರ.' ನಾ ಮುಂಜೇಲಿಂದ ಅವನ ಬಾಯಿ ಮೂಸಿ ಮೂಸಿ ನೋಡೇನಿ, ಹನಿ ಮುಟ್ಟಿರ್ಲಿಲ್ಲ, ನನ್ನ ಮಕ್ಕಳಾಣಿ. ಹೆಸರ ಕೂಗಿದ್ರು, ಹೋಗಿ ನಿಂತ. ನ್ಯಾಯಾಧೀಶರು ಹೆಣ್ಮಗಳು, ಕನ್ನಡಕ ಹಾಕ್ಕೊಂಡಿದ್ರು. 'ಗುನ್ಹಾ ಕಬೂಲ್ ಆಹೇ ಕಾ?' ಅಂದ್ರು, ತಪ್ಪ ಒಪ್ಕೋತಿಯೇನು ಅಂತ. ಮತ್ತ ಕೇಳಿದ್ರು. ಅವರ ಕಡೆ ನೋಡವಲ್ಲ, ಬಾಗಲದ ಕಡೆ ನೋಡಾಕತ್ತಾನ. ನಾನೂ ತಿರುಗಿ ನೋಡಿದ್ನಿ. ಬಾಗಲದಾಗ ಯಾರಿಲ್ಲ, ಬರೇ ಬಿಸಲ, ಆಚೆ ಗಾಡಿ ನಿಂತಿದ್ವು. ನ್ಯಾಯಾಧೀಶರಿಗೆ ಸಿಟ್ಟ ಬಂತು, 'ಆಜ್ ಪಣ್ ಪಿವೂನ್ ಆಲಾ ಕಾ?' ಇವತ್ತೂ ಕುಡದ ಬಂದಾನೇನು ಅಂತ. ವಕೀಲನ ಮಾರಿ ಬೆಳ್ಳಗಾತು. ಆವಾಗ ನೋಡಿದ್ನಿ ನಾ, ನಿಮ್ಮಜ್ಜನ ತುಟಿ ಅಳ್ಳಾಡಾಕತ್ತಿದ್ವು. 'ತಡೀಪಾ ಮಾರುತಿ. ಭಾಳ ಕಾಯಿಸೇನಿ. ಇದೊಂದ ಮುಗೀಲಿ, ಮನೀಗೆ ಹೋಗಂಗಿಲ್ಲ, ಇಲ್ಲಿಂದ ಹಂಗ ಬರ್ತೇನಿ ನಿನ್ನ ಕೂಡ.'

ನನಗ ಜೇಲ್ ಹೆದರಿಕಿ ಅಲ್ಲಿಗೆ ಮರತ ಹೋತು ನೋಡ್ರಿ, ಜೇಲಿಗೆ ಹೋದಾಂವ ತಿರುಗಿ ಬರ್ತಾನ. ಎದ್ನಿ, ಸೀದಾ ಹೋಗಿ ಬಾಗಲದಾಗ ನಿಂತ್ನಿ, ನಿಮ್ಮಜ್ಜ ನೋಡಾಕತ್ತಿದ್ದ ಜಾಗಾದಾಗನ. ಸುಳ್ಳ ಹೇಳಂಗಿಲ್ಲ, ಅಂಥಾ ಬಿಸಲಾಗ ಬೆನ್ನ ತಣ್ಣಗಾತು. ಹಸೀ ಕೆಸರಿನ ವಾಸನಿ ಬಂತು. ಅದರ ಹಿಂದ ಬೆಂದ ಅಕ್ಕಿ ವಾಸನಿ, ಆಜರಾದ್ದು. ಅಳೂ ಬಂತು ನನಗ, ಹೆದರಿಕೀನೂ ಬಂತು. ದನಿ ತಗೀದ ತುಟೀಲೇ ಅಂದ್ನಿ, 'ಇಲ್ಲೆ ನೋಡ್ರಿ, ನನ್ನ ಮಾರಿ ನೋಡ್ರಿ. ಬರಂಗಿಲ್ಲ ಅಂತ ಹೇಳ್ರಿ ಅವಂಗ. ಬರಂಗಿಲ್ಲ ಅನ್ರಿ, ಮನೀಗೆ ನಡೀರಿ.' ನಿಮ್ಮಜ್ಜನ ಕಣ್ಣ ನನ್ನ ಮ್ಯಾಲ ಬಿದ್ದು, ಹೆಗಲ ಹಿಂದ ಹೋಗಿ, ಮತ್ತ ನನ್ನ ಮ್ಯಾಲ ಬಂದು ನಿಂತ್ವು. ತುಟಿ ಆಡಸಿದ. 'ಬರಂಗಿಲ್ಲೋ ಮಾರುತಿ. ತಪ್ಪಾತು. ನೀ ಹೋಗು.' ಅಂದು, ಅತ್ತ ತಿರುಗಿ ಗಟ್ಟಿ ದನೀಲೆ 'ಹೋಯ್ ಮ್ಯಾಡಮ್, ಕಬೂಲ್ ಆಹೇ' ಅಂದ. ಅಷ್ಟರಾಗ ಕೋರ್ಟಿನ ಪಟ್ಟೇವಾಲಾ ನನ್ನ ಮ್ಯಾಲ ಒದರಿದ, 'ಓ ಬಾಯಿ, ದೋಘಂ ಬಾಜೂಲಾ ವ್ಹಾ!' ಬಾಗಲ ಬಿಟ್ಟ ಇಬ್ರೂ ಬಾಜೂಕ ಸರೀರಿ ಅಂತ. ನಾ ಒಬ್ಬಾಕಿನ ನಿಂತಿದ್ನಿ. ಹಿಂದ ತಿರುಗಿ ನೋಡ್ಲಿಲ್ಲ ನಾ, ಯಾಕ ನೋಡ್ಲಿ.

ದಂಡ ಕಟ್ಟಿ ಬಂದ್ವಿ. ಅವತ್ತಿಂದ ಹನಿ ಮುಟ್ಟಲಿಲ್ಲ ನಿಮ್ಮಜ್ಜ, ಕಣ್ಣ ಮುಚ್ಚೂ ಮಟಾ. ಹೋಗಿ ವರ್ಷಾತು. ಈಗ ನೀವು ಸಾಲಿಗೆ ಹೋದ ಮ್ಯಾಲ ನಾ ಇಲ್ಲೆ ಒಬ್ಬಾಕಿನ ಕುಂತಾಗ ನನ್ನ ತುಟಿ ಅಳ್ಳಾಡ್ತಾವಂತ, ಅತ್ತಿ ಜಪಾ ಮಾಡ್ತಾರ ಅಂತ ನಿಮ್ಮವ್ವ ಓಣೀಗೆಲ್ಲಾ ಹೇಳ್ಯಾಳ. ಎಲ್ಲೀ ಜಪಾನೋ! ಮಧ್ಯಾನ ಆತಂದ್ರ ನಿಮ್ಮಜ್ಜ ಆ ಗೇಟಿನ ಹಂತ್ಯಾಕ ಬಂದ ನಿಂದರ್ತಾನ, ಅವನ ತುಟಿ ನನಗ ತಿಳಿಯಂಗಿಲ್ಲೇನು. ನಾ ಮಾತ್ರ 'ನೀವು ಮುಂದ ನಡೀರಿ' ಅಂತ ಅನ್ನಂಗಿಲ್ಲ. 'ಬರಂಗಿಲ್ರಿ ಈಗ, ಹುಡುಗರು ಉಂಡಿಲ್ಲ' ಅಂತ ಖಡಕ್ ಹೇಳಿ ಕಳಸ್ತೇನಿ. ಯಾರನ್ನೂ ಸುಮ್ಮಸುಮ್ನ ಕಾಯಿಸಬಾರದ್ರೋ. ಹೂಂ, ಏಳ್ರಿ, ಕೈ ತೊಳಕೋರಿ, ರೊಟ್ಟಿ ಆರಾಕತ್ತಾವ.