ಒಳಗೆ ಯಾರೂ ಇಲ್ಲ

ಬೀಗ ರಿಪೇರಿಯವನದು ಒಂದು ಪದ್ಧತಿ: ಒಳಗೆ ಯಾರಾದರೂ ಸಿಕ್ಕಿಹಾಕಿಕೊಂಡಿದ್ದರೆ ಆ ಮನೆಗೇ ಮೊದಲು ಹೋಗುವುದು. ಮನೆಯ ಕೀ ಕಳೆದುಕೊಂಡು ಬಂದ ಅಕ್ಕತಂಗಿಯರನ್ನೂ ಅದನ್ನೇ ಕೇಳಿದ.

“ಒಳಗೆ ಯಾರೂ ಇಲ್ಲಪ್ಪ, ನಿಧಾನಕ್ಕೆ ಬಾ,” ಎಂದಳು ಅಕ್ಕ.

ಅವನು ಬೇರೆ ಯಾರದೋ ಕೀಗೆ ಅರ ಉಜ್ಜತೊಡಗಿದ. ಅವರು ಅಂಗಡಿಯ ಬೆಂಚಿನ ಮೇಲೆ ಮಾತಿಗೆ ಕೂತರು.

“ನಿನ್ನ ಕೆಲಸದವಳು ಮನೇಲಿಲ್ವೇನಕ್ಕ?”

“ಇದಾಳೆ. ಇನ್ನೆಲ್ಲಿಗೆ ಹೋಗ್ತಾಳೆ?”

“ಮತ್ತೆ ಅವಳೇ ಬಾಗಿಲು ತೆಗೀಬಹುದಲ್ಲ?”

“ಹೊರಗಿಂದ ಬೀಗ ಹಾಕಿರ್ತೀನಲ್ಲೇ. ಮೂರು ವರ್ಷದಿಂದ ಹಾಗೇ. ಪಾಪ, ಇಲ್ಲಿನ ಭಾಷೆ ಬರಲ್ಲ ಅವಳಿಗೆ. ಪಾಸ್‌ಪೋರ್ಟೂ ನಾನೇ ಎತ್ತಿಟ್ಟಿದೀನಿ.”

“ರಜಾ ಕೇಳಲ್ವಾ?”

“ಒಂದು ದಿನಾನೂ ಕೇಳಿಲ್ಲ. ಅಷ್ಟು ಹೊಂದ್ಕೊಂಡಿದಾಳೆ. ಬಾ, ಟೀ ಕುಡಿದು ಬರೋಣ.”

ಅವರು ರಸ್ತೆಗಿಳಿಯುವಷ್ಟರಲ್ಲಿ ಅವನು ಅರ ಕೆಳಗಿಟ್ಟು, ಸಾಮಾನಿನ ಚೀಲ ಹೆಗಲಿಗೇರಿಸಿದ್ದ.

“ಟೀ ಆಮೇಲೆ ಕುಡೀರಿ ಅಮ್ಮಾ. ಮೊದಲು ನಿಮ್ಮನೆ.”