ಪಟ್ಟಿಯಲ್ಲಿ ಇಲ್ಲದ ಹೆಸರು

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ಆಸ್ಪತ್ರೆಯ ನಿರ್ದೇಶಕರೇ, ವೇದಿಕೆಯ ಮೇಲಿರುವ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ, ನಾವೆಲ್ಲ ದೊಡ್ಡಕ್ಕ ಎಂದೇ ಕರೆಯುವ ಗುಮಾಸ್ತೆಯವರೇ, ಹಾಗೂ ತಿಂಡಿ ಯಾವಾಗ ಬರುತ್ತದೆಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಕಂಪ್ಯೂಟರ್ ರಿಪೇರಿಯವನ ಕೈಗೆ ಮೈಕು ಕೊಟ್ಟಿದ್ದೀರಿ. ಅನುಭವಿಸಿ.

ಕಂಪ್ಯೂಟರ್ ನಿಧಾನವಾದರೆ ನೀವು ಅದರ ತಲೆಗೊಂದು ಏಟು ಹಾಕುತ್ತೀರಿ. ನಾನು ಕೇಳುತ್ತೇನೆ: ಒಳಗೆ ಡಿಸ್ಕನ್ನು ಕಾಡುತ್ತಿರುವವರು ಯಾರು? ಅದನ್ನು ಹುಡುಕಲು ಒಂದು ಸಾಧನವಿದೆ. ಯಾವ ಪ್ರೋಗ್ರಾಂ ಯಾವ ಕ್ಷಣದಲ್ಲಿ ಯಾವ ಕಡತ ಓದಿತು, ಎಷ್ಟು ಬರೆಯಿತು, ಎಷ್ಟು ಹೊತ್ತು ಕಾಯಿತು, ಒಂದೊಂದಕ್ಕೂ ಒಂದೊಂದು ಸಾಲು. ಆ ಸಾಲುಗಳು ಓಡುವುದನ್ನು ನೋಡುತ್ತಾ ಕುಳಿತರೆ ನನಗೆ ಊಟವೂ ಬೇಡ. ಚಿಕ್ಕಂದಿನಿಂದಲೂ ಇದೇ ಚಟ. ಹಾಲಿಗೆ ಹೆಪ್ಪು ಹಾಕಿಟ್ಟರೆ ಗಳಿಗೆಗೊಮ್ಮೆ ಮುಚ್ಚಳ ತೆಗೆದು ಪಾತ್ರೆ ಅಲ್ಲಾಡಿಸುತ್ತಿದ್ದೆ. "ನೀನು ನೋಡೋದು ಬಿಟ್ರೆ ಅದು ಮೊಸರಾಗತ್ತೆ ಕಣೋ" ಎಂದು ಅಮ್ಮ ಬೈಯುತ್ತಿದ್ದಳು.

ಆರು ವರ್ಷದ ಹಿಂದೆ ರಕ್ತಪರೀಕ್ಷಾ ವಿಭಾಗದ ಕಂಪ್ಯೂಟರ್ ಎರಡು ದಿನ ಆಗಾಗ ನಿಂತುಬಿಡುತ್ತಿತ್ತು. ತಾನಾಗಿಯೇ ಸರಿಹೋಗುತ್ತಿತ್ತೋ ಏನೋ, ಇವತ್ತಿಗೂ ಗೊತ್ತಿಲ್ಲ. ನಾನು ಸಾಧನ ಹಚ್ಚಿದೆ. ತೊಂದರೆ ಹೆಚ್ಚಾಯಿತು. ಇನ್ನಷ್ಟು ವಿವರ ಬರೆಯಲು ಅದಕ್ಕೆ ಹೇಳಿದೆ. ಇನ್ನೂ ಹೆಚ್ಚಾಯಿತು! ವರದಿಗಾಗಿ ರೋಗಿಗಳು ಕಾರಿಡಾರಿನಲ್ಲಿ ಕಾದರು. ಸಾಧನ ಕೊಟ್ಟ ಪಟ್ಟಿಯ ಮೇಲ್ತುದಿಯಲ್ಲಿ ದೊಡ್ಡಕ್ಕನ ಪ್ರೋಗ್ರಾಂ ಇತ್ತು. ಏಕೆ ಇರಬಾರದು? ಇಡೀ ವಿಭಾಗದ ವರದಿಗಳನ್ನು ಟೈಪು ಮಾಡುತ್ತಿದ್ದವರು ಅವರೊಬ್ಬರೇ. ಆದರೆ ನಾನು ಬರೆದುಕೊಟ್ಟದ್ದು: "ಗುಮಾಸ್ತೆಯ ಅಜಾಗರೂಕತೆ."

ಅವರು ಪಟ್ಟಿ ನೋಡಿ ಕೇಳಿದ್ದು ಒಂದೇ ಮಾತು. "ಎಲ್ಲಾ ಪ್ರೋಗ್ರಾಂ ಹೆಸರೂ ಇದೆ. ನಿಮ್ಮ ಈ ಸಾಧನದ್ದು ಯಾಕಿಲ್ಲ?"

"ನೋಡೋರ್ದು ಬರಲ್ಲಕ್ಕ, ಅದನ್ನ ತೆಗೆದಿಟ್ಟಿರ್ತೀವಿ" ಎಂದೆ.

ಅದು ಈ ಕಸುಬಿನ ಪದ್ಧತಿ. ಸಾಧನ ತಾನು ಬರೆದದ್ದನ್ನೂ ದಾಖಲಿಸಿದರೆ, ಆ ದಾಖಲೆಗೊಂದು ಸಾಲು, ಆ ಸಾಲಿಗೆ ಮತ್ತೊಂದು ಸಾಲು, ಕೊನೆಯೇ ಇಲ್ಲ. ಹಾಗಾಗಿ ಅದರ ಹೆಸರನ್ನು ಹೊರಗಿಡುತ್ತೇವೆ. ಸಾಲುಗಳನ್ನು ಮಾತ್ರ ಬೇರೆ ಡಿಸ್ಕಿಗೆ ಬರೆಸಬೇಕು. ನಾನು ಪರೀಕ್ಷಿಸುತ್ತಿದ್ದ ಅದೇ ಡಿಸ್ಕಿಗೆ ಬರೆಸಿದ್ದೆ.

ದೊಡ್ಡಕ್ಕನನ್ನು ನೆಲಮಾಳಿಗೆಯ ಹಳೆಯ ಕಡತಗಳ ಕೋಣೆಗೆ ಹಾಕಿದರು. ಸಿಗಬೇಕಿದ್ದ ಮೇಲ್ವಿಚಾರಕಿಯ ಹುದ್ದೆ ತಪ್ಪಿತು. ಕಂಪ್ಯೂಟರ್ ಮಾತ್ರ ಹಾಗೇ ನಿಲ್ಲುತ್ತಿತ್ತು. ಆಗ ಕುತೂಹಲಕ್ಕೆ, ಬರೀ ಕುತೂಹಲಕ್ಕೆ, ಹೆಸರು ಹೊರಗಿಡುವ ಆಜ್ಞೆಯನ್ನು ತೆಗೆದು ನೋಡಿದೆ. ಮೊದಲ ಸಾಲು ನನ್ನ ಸಾಧನದ್ದು. ಎರಡನೆಯದು? ನನ್ನ ಸಾಧನದ್ದೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸಾಧನ ನಿಲ್ಲಿಸಿದೆ, ಕಂಪ್ಯೂಟರ್ ಓಡಿತು. ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಇದನ್ನು ಹೇಳಲೆಂದು ವೇದಿಕೆ ಹತ್ತಿದವನಲ್ಲ. ಎರಡು ಜೋಕು ಹೇಳಿ ಇಳಿಯುವವನಿದ್ದೆ. ದೊಡ್ಡಕ್ಕ, ನಿಮ್ಮ ಮುಖ ನೋಡಲು ನನಗೆ ನಾಚಿಕೆಯಾಗುತ್ತಿದೆ. ನಿರ್ದೇಶಕರೇ, ಅವರ ಸೇವಾ ಪುಸ್ತಕದಲ್ಲಿ ನಾನು ಬರೆದ ಆ ಎರಡು ಪದ ಇನ್ನೂ ಇವೆ. ಐದು ಗಂಟೆಗೆ ಆ ಪುಸ್ತಕ ಮುಚ್ಚುತ್ತೀರಿ. ಈಗ ನಾಲ್ಕೂವರೆ. ತಪ್ಪು ನನ್ನದೆಂದು ಈ ಆಮಂತ್ರಣ ಪತ್ರಿಕೆಯ ಹಿಂದೆಯೇ ಬರೆದು, ಸಹಿ ಹಾಕಿ ಕೊಡುತ್ತೇನೆ, ಅದನ್ನು ಅಂಟಿಸಿ. ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.

ಯಾರಾದರೂ ಒಂದು ಪೆನ್ನು ಕೊಡಿ.