ಮನಸ್ಸು ರಿಪೇರಿ ಮಾಡೋರು

...ನಗಬೇಡ ಕಣೇ ಶಿರೀಷಾ, ನಗೋ ಮಾತಾ ಇದು? ಮೂರು ಜನ! ಗೌರಿಬಿದನೂರಲ್ಲಿ ಒಬ್ಬ, ಚಿಂತಾಮಣೀಲಿ ಒಬ್ಬಳು, ಚಿಕ್ಕಬಳ್ಳಾಪುರದಲ್ಲಿ ಇನ್ನೊಬ್ಬ! ಮುಂಚೆ ನಮ್ಮ ಜಂಗಮಕೋಟೆಗೆ ಬೋರ್‌ವೆಲ್ ಪಾಯಿಂಟ್ ತೋರಿಸೋರು ಬರ್ತಿದ್ರು, ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು. ಈಗ ಎನ್‌ಎಲ್‌ಪಿಯವರು. ಅವರು ನೆಲದೊಳಗೆ ನೀರು ಹುಡುಕ್ತಿದ್ರು, ಇವರು ತಲೆಯೊಳಗೆ ಭಯ ಹುಡುಕ್ತಾರೆ.

ಬಾ, ಕೂತ್ಕೊ ಇಲ್ಲಿ. ಅವರೆಕಾಳು ನೆಂದಿದೆ, ಹಿತುಕ್ತಾ ಮಾತಾಡಣ.

ಏನಂದೆ? ಹೆಸರು ಸರಿಯಾಗಿ ಹೇಳ್ಬೇಕಾ? ನ್ಯೂರೋ... ಲಿಂಗ್ವಿಸ್ಟಿಕ್... ಗೊತ್ತಮ್ಮ, ಗೊತ್ತು. ಮಾತಲ್ಲೇ ಮನಸ್ಸಿನ ಅಭ್ಯಾಸ ಬದಲಾಯಿಸ್ತೀವಿ ಅನ್ನೋರು. ನಿನ್ನ ಈ ದೊಡ್ಡಮ್ಮ ಹಿಪ್ಪುನೇರಳೆ ತೋಟದೋಳು, ಇದೆಲ್ಲ ಅವಳಿಗೇನು ತಿಳಿಯುತ್ತೆ ಅಂದ್ಕೊಂಡ್ಯಾ?

ನಿನ್ನ ಭಯ ಸುಳ್ಳು ಅಂತ ನಾನು ಅನ್ನಲ್ಲ. ಪೆರೇಸಂದ್ರದ ಹತ್ರ ಬಸ್ಸು ಮಗುಚಿದ್ದು, ನಿನ್ನನ್ನ ಕಿಟಕಿಯಿಂದ ಆಚೆ ಎಳೆದಿದ್ದು... ಆವತ್ತಿಂದ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ರೆ ಸಾಕು, ಮೈಯೆಲ್ಲ ಬೆವರು ನಿಂಗೆ. ಸೋಮವಾರ ಗೌರಿಬಿದನೂರು ಹೈಸ್ಕೂಲಲ್ಲಿ ಹಾಜರಾಗ್ಬೇಕು, ಇಲ್ಲಾಂದ್ರೆ ಅಷ್ಟು ಕಷ್ಟಪಟ್ಟು ಸಿಕ್ಕಿದ ಟೀಚರ್ ಕೆಲಸ ಕೈಬಿಟ್ಟು ಹೋಗುತ್ತೆ. ಎಲ್ಲ ಗೊತ್ತು. ಆದ್ರೆ ಅದಕ್ಕೆ ಇವರಾ?

ಆ ಗೌರಿಬಿದನೂರಿನೋನ ಬ್ಯಾನರ್ ನೋಡಿದ್ಯಾ? ಟೈ ಕಟ್ಕೊಂಡು, ಕೈ ಕಟ್ಕೊಂಡು, ಎಲೆಕ್ಷನ್‌ಗೆ ನಿಂತೋನ ಥರ! "ಒಂದೇ ಗಂಟೇಲಿ ಭಯದಿಂದ ಬಿಡುಗಡೆ." ಒಂದು ಗಂಟೇಲಿ ಮುದ್ದೆ ಸಾರು ಮಾಡೋದೇ ಕಷ್ಟ ಕಣೇ! ಎಲ್ಲಿ ಕಲಿತೆಯಪ್ಪಾ, ಯಾರ ಹತ್ರ ಕಲಿತೆ ಅಂತ ಕೇಳಿದ್ಯಾ? ...ಆನ್‌ಲೈನಲ್ಲಾ? ಒಂದು ವಾರಾನಾ? ಹಸುಗೆ ಸೂಜಿ ಹಾಕೋನು ಕೂಡ ಅದಕ್ಕಿಂತ ಜಾಸ್ತಿ ಕಲ್ತಿರ್ತಾನೆ. ಹಸು ಒದೆಯುತ್ತಲ್ಲ, ಅದಕ್ಕೆ. ಮನುಷ್ಯರು ಒದೆಯಲ್ಲ, ಪಾಪ.

ಚಿಂತಾಮಣಿಯೋಳು? ಆ ಭಾನುಪ್ರಿಯಾ? ಅವಳೇನಂದ್ಲು, ಇನ್ನೊಂದು ಸಲ ಹೇಳು... "ಮೊದಲು ಮಾನಸಿಕ ಡಾಕ್ಟರಿಗೆ ತೋರಿಸಿ. ನಾನು ಡಾಕ್ಟರ್ ಅಲ್ಲ. ವಾಸಿ ಮಾಡ್ತೀನಿ ಅಂತ ಮಾತು ಕೊಡಕ್ಕಾಗಲ್ಲ. ಜೊತೇಲಿ ಮನೆಯೋರನ್ನ ಕರ್ಕೊಂಡು ಬನ್ನಿ, ಯಾವಾಗ ಬೇಡ ಅನ್ಸುತ್ತೋ ಎದ್ದು ಹೋಗಿ." ...ಅದಕ್ಕೇ ಅವಳು ಬೇಡ್ವಾ? ಭರವಸೆ ಕೊಡಲಿಲ್ಲ ಅಂತಾ? ಪಿಚ್ಚಿದಾನಾ, ಹುಚ್ಚು ಹುಡುಗೀ! ಭರವಸೆ ಕೊಡದೇ ಇರೋಳೇ ಕಣೇ ಒಂಚೂರು ನಂಬೋ ಹಾಗಿರೋಳು! ಈ ವಿದ್ಯೇನೇ ನಿಜಾನೋ ಸುಳ್ಳೋ ನಂಗೊತ್ತಿಲ್ಲ. ಆದ್ರೆ ತನಗೆ ಏನು ಬರಲ್ಲ ಅಂತ ಬಾಯಿಬಿಟ್ಟು ಹೇಳಿದೋಳು ಅವಳೊಬ್ಬಳೇ ತಾನೆ?

ಅವಳನ್ನ ಬಿಟ್ಟು ನೀನು ಹಿಡಿದಿರೋದು ಯಾರನ್ನ? ಚಿಕ್ಕಬಳ್ಳಾಪುರದ ರಮೇಶ್‌ಬಾಬು! ಅಲ್ಲಲ್ಲ... ಮಾಸ್ಟರ್ ರಮೇಶ್‌ಬಾಬು! ಜೇನಿನಂಥ ಮಾತು ಅವನದು. "ಕಣ್ಣು ಮುಚ್ಚಿ ಅಮ್ಮಾ. ಟಾಕೀಸಲ್ಲಿ ಕೂತಿದ್ದೀರಿ. ನಿಮ್ಮ ಭಯ ಪರದೆ ಮೇಲೆ ಓಡ್ತಿದೆ. ಅದನ್ನ ಬ್ಲ್ಯಾಕ್ ಆಂಡ್ ವೈಟ್ ಮಾಡಿ. ಈಗ ಹಿಂದಕ್ಕೆ ಓಡಿಸಿ..." ಆಮೇಲೆ ಬೆರಳ ಗೆಣ್ಣು ಗಟ್ಟಿಯಾಗಿ ಒತ್ತಿ ಹಿಡ್ಕೊಂಡು, "ಇನ್ಮೇಲೆ ಭಯ ಬಂದ್ರೆ ಇಲ್ಲಿ ಒತ್ಕೊಳ್ಳಿ" ಅಂತಾನೆ. ಕಾಲಿಂಗ್ ಬೆಲ್ ನೋಡು, ಒತ್ತಿದ ತಕ್ಷಣ ಧೈರ್ಯ ಬಂದು ಬಾಗಿಲು ತೆಗೆಯುತ್ತೆ!

...ಯಾಕೇ ಹಾಗೆ ನೋಡ್ತೀಯ?

ನಂಗೆ ಹೆಂಗೆ ಗೊತ್ತಾ? ಗಂಗುಲಮ್ಮ ಹೇಳಿದ್ಲು. ಡೈರಿ ಹತ್ರ ಸಿಗ್ತಾಳಲ್ಲ, ಅವಳು. ಹೋಗಿದ್ಲಂತೆ ಅವನ ಶಿಬಿರಕ್ಕೆ. ಏನು ಭಯಾನೋ... ಇರುತ್ತೆ ಏನೋ ಒಂದು, ಬೇರೆಯೋರ ವಿಷಯ ನಿಂಗ್ಯಾಕೆ? ಕಾಳು ಹಿತುಕು ನೀನು.

ಯಾವುದೋ ಕಲ್ಯಾಣ ಮಂಟಪ ಅಂತೆ. ಮದುವೆ ಸ್ಟೇಜೇ, ಹಿಂದಿನ ದಿನದ ಚೆಂಡುಹೂವು ಕೂಡ ತೆಗೆದಿರಲಿಲ್ಲ. ಯಾರು ಬರ್ತೀರ ಅಂದ. ಯಾರೂ ಏಳಲಿಲ್ಲ. ಕೆಳಗಿಳಿದು ಬಂದು ಅವಳ ಕೈ ಹಿಡಿದು ಎಬ್ಬಿಸ್ದ. ಮುಖದ ಮುಂದೆ ಕ್ಯಾಮೆರಾ. ತೆಗೀಬಹುದಾ ಅಮ್ಮಾ ಅಂತ ಒಂದು ಮಾತು ಕೇಳಿದ್ನಾ? ಇಲ್ಲ! ಅಳು ಬರೋವರೆಗೂ ಕೆದಕಿದ... ಅತ್ಲು. ಅತ್ತ ಮೇಲೆ ಮೈಕ್ ಕೊಟ್ಟು, "ಅಮ್ಮಾ, ಭಯ ಹೋಯ್ತಾ?" ಎಲ್ಲರೂ ಎದ್ದು ನಿಂತು ಚಪ್ಪಾಳೆ! ಹೇಳು ನೋಡಣ, ಅಷ್ಟು ಜನ ಚಪ್ಪಾಳೆ ತಟ್ಟುವಾಗ, ಇಲ್ಲ ಸ್ವಾಮಿ ಹೋಗಿಲ್ಲ ಅನ್ನಕ್ಕೆ ಯಾರಿಗೆ ನಾಲಿಗೆ ಏಳುತ್ತೆ? ಹೋಯ್ತು ಅಂದ್ಲು. ನಗು ಅಂದ್ರು, ನಕ್ಕಳು.

ಮನೆಗೆ ಬಂದ್ರೆ ಇದ್ದಿದ್ದು ಇದ್ದ ಹಾಗೇ ಇತ್ತು. ಗೆಣ್ಣು ಒತ್ತಿ ಒತ್ತಿ ನೋವು ಬಂತೇ ಹೊರತು... ಅವನಿಗೆ ಫೋನ್ ಮಾಡಿದ್ರೆ ಏನಂದ ಗೊತ್ತಾ? "ನಿಮ್ಮ ನಂಬಿಕೆ ಸಾಲದು ಅಮ್ಮಾ." ಥೂ! ಗುಣ ಆದ್ರೆ ಅವನ ವಿದ್ಯೆ, ಆಗದಿದ್ರೆ ಇವಳ ತಪ್ಪು! ಮಂತ್ರ ಹಾಕೋ ಮುನಿಶಾಮಿ ಕೂಡ ಹಂಗನ್ನಲ್ಲಮ್ಮ. "ದೊಡ್ಡಾಸ್ಪತ್ರೆಗೆ ತೋರಿಸ್ಕೊಳಮ್ಮ" ಅಂತಾನೆ ಅವನು.

ಏನು? ಫೋನಲ್ಲಿ ಏನಿದೆ? ತಾಳು, ನನ್ನ ಕೈಯೆಲ್ಲ ಅವರೆ ಸಿಪ್ಪೆ, ನೀನೇ ಹಿಡ್ಕೊ... ಹೂಂ, ಇವನೇ. ಇವನೇ ನಿನ್ನ ಮಾಸ್ಟರು. ನೋಡು ಹೆಂಗೆ ಹಲ್ಲು ಬಿಡ್ತಾನೆ... ಯಾರೋ ಹೆಂಗಸನ್ನ ಕರ್ಕೊಂಡು...

ಯಾ... ಯಾರೇ ಇದು?

ನಿಲ್ಲಿಸು. ಸೌಂಡ್ ನಿಲ್ಲಿಸು ಅಂದೆ ಕಣೇ!

...ಯಾವಾಗ ಸಿಕ್ತು ನಿಂಗೆ ಇದು? ನಾನು ಇಷ್ಟೊತ್ತು ಗಂಗುಲಮ್ಮ ಗಂಗುಲಮ್ಮ ಅಂತ ಬಡ್ಕೋತಿದ್ರೆ, ಸುಮ್ನೆ ಕೇಳ್ತಾ ಕೂತಿದ್ಯಲ್ಲೇ... ಬಾಯಿಬಿಟ್ಟು ಒಂದು ಮಾತು ಅನ್ನಬಾರದಾಗಿತ್ತಾ?

ಹೂಂ. ನಾನೇ. ನೋಡಿದ್ಯಲ್ಲ. ನಾನೇ.

ನಿಮ್ಮ ದೊಡ್ಡಪ್ಪ ರೇಷ್ಮೆ ಹುಳದ ಮನೇಲಿ ಸೊಪ್ಪು ಹಾಕ್ತಾ ಹಾಕ್ತಾನೇ ಕುಸಿದ್ರಲ್ಲ... ಹುಳದ ತಟ್ಟೆ ಮೇಲೇ ಬಿದ್ರು ಕಣೇ, ಮತ್ತೆ ಏಳಲಿಲ್ಲ. ಮೈಮೇಲೆಲ್ಲ ಹುಳ. ನಾನು ಕೂಗ್ತಾ ಇದ್ದೀನಿ, ಆ ಹುಳಗಳು ತಮ್ಮ ಪಾಡಿಗೆ ತಾವು ಸೊಪ್ಪು ತಿಂತಾನೇ ಇವೆ. ಆ ಸದ್ದು... ಮಳೆ ಬಂದ ಹಾಗೆ ಸದ್ದು. ಆಮೇಲೆ ಆ ಹೊಸ್ತಿಲು ದಾಟಕ್ಕೆ ನನ್ನ ಕೈಲಿ ಆಗಲಿಲ್ಲ. ಹುಳ ಸಾಕೋದಕ್ಕಿಂತ ಸೊಪ್ಪು ಮಾರೋದೇ ಮೇಲು ಅಂತ ಊರಿಗೆಲ್ಲ ಹೇಳ್ದೆ. ನಿಮ್ಮಮ್ಮನಿಗೂ ಹಂಗೇ ಹೇಳ್ದೆ.

ಬೈಯಿ. ನಗು ಬೇಕಾದ್ರೆ, ಈಗ ನಗು...

ತಾಳು. ಇದನ್ನ ನೋಡಿದ್ಮೇಲೂ ಮೂರು ಜನದಲ್ಲಿ ಇವನನ್ನೇ ಯಾಕೆ ಹಿಡಿದೆ ನೀನು? ...ಶಿರೀಷಾ. ತಲೆ ಎತ್ತಮ್ಮ. ...ಇದರಲ್ಲಿ ನನ್ನನ್ನ ನೋಡೇ ಹಿಡಿದ್ಯಾ? ದೊಡ್ಡಮ್ಮ ಸುಳ್ಳು ಹೇಳೋಳಲ್ಲ, ದೊಡ್ಡಮ್ಮನ ಭಯಾನೇ ಹೋಗಿದ್ರೆ ನಂದೂ ಹೋಗುತ್ತೆ ಅಂತಾ?

...ಹೋಗಿಲ್ಲ ಕಣಮ್ಮ. ಆ ಬಾಗಿಲು ಇವತ್ತಿಗೂ ನಾನು ತೆಗೆದಿಲ್ಲ.